ಊರಿಗೆ ಕಾಯ್ದಿಟ್ಟ ಹಲ್ಲು

ಎಕಂಬಾದ ನರಸಿಂಗನ ಸಿಟ್ಟು ಹಾಲು ಉಕ್ಕಿದ್ದಂಗ ಅಂತ ಅವನ ಹೆಂಡತಿ ಜಿಜಾಬಾಯಿ ಹೇಳುತ್ತಿದ್ದಳು. ಬಂದಷ್ಟೇ ಬೇಗ ಇಳಿಯುತ್ತದೆ, ಒಲೆ ಒರೆಸುವ ಕೆಲಸ ಮಾತ್ರ ಮಂದಿಗೆ ಬಿಟ್ಟು. ಔರಾದ ತಾಲೂಕಿನ ಆ ಊರಿನಿಂದ ಮೀಸೆ ಕಪ್ಪಿದ್ದಾಗ ಸೌದಿಗೆ ಹೋದ ಮನುಷ್ಯ, ಈಗ ಮೀಸೆಗೆ ಬಣ್ಣ ಹಚ್ಚುವ ವಯಸ್ಸಿಗೆ ಬಂದಿದ್ದ. ಜುಬೈಲದಲ್ಲಿ ದೊಡ್ಡ ದೊಡ್ಡ ಕಾರ್ಖಾನೆಗಳ ಸುತ್ತ ಕಬ್ಬಿಣದ ಪೈಪು ಬಿಗಿದು ಅಟ್ಟ ಎಬ್ಬಿಸುವುದು ಅವನ ಕೆಲಸ. ಎತ್ತರಕ್ಕೆ ಹೆದರುವವನಲ್ಲ, ಬಿಸಿಲಿಗೆ ಹೆದರುವವನಲ್ಲ, ಸಾಹೇಬರಿಗಂತೂ ಮೊದಲೇ ಅಲ್ಲ. ಹೆದರುತ್ತಿದ್ದದ್ದು ಒಬ್ಬರಿಗೇ. ಅಲ್ಲಿಯ ಹಲ್ಲಿನ ಡಾಕ್ಟರಿಗೆ.

ಅವನೊಬ್ಬನೇ ಏನಲ್ಲ. ಬೀದರ ಜಿಲ್ಲೆಯವರು ಕೂಡಿ ಇದ್ದ ಆ ತಗಡಿನ ಖೋಲಿಯಲ್ಲಿ ಅದೊಂದು ಕಾನೂನೇ ಆಗಿತ್ತು. ಜ್ವರ ಬಂದರೆ ಕಂಪನಿ ದವಾಖಾನೆಗೆ ಹೋಗು, ಕೈ ಮುರಿದರೆ ಹೋಗು, ಹಲ್ಲು ನೋವಾದರೆ ಮಾತ್ರ ಬಾಯಿ ಮುಚ್ಚಿಕೊಂಡು ಇರು. ಹಲ್ಲನ್ನು ಊರಿಗೆ ತಗೊಂಡು ಹೋಗಬೇಕು. ಛುಟ್ಟಿಗೆ ಹೋದಾಗ ಬೀದರದಲ್ಲಿ ಕೀಳಿಸು, ತುಂಬಿಸು, ತಿರುಗಿ ವಿಮಾನ ಹತ್ತು. ಯಾಕೆ ಅಂದರೆ, ಪರದೇಶದಾಗ ಒಂದು ಹಲ್ಲು ಮುಟ್ಟಿಸಿಕೊಂಡರೆ ಊರಿನಾಗ ಒಂದು ಎಮ್ಮಿ ಮಾರಬೇಕು ಅನ್ನುವುದು ಒಬ್ಬರ ಮಾತು. ಕಂಪನಿ ಕೊಟ್ಟ ದವಾಖಾನಿ ಕಾರ್ಡು ಗಂಟಲದಿಂದ ಕೆಳಗ ನಡಿತದ, ಬಾಯಿಗೆ ನಡ್ಯಂಗಿಲ್ಲ ಅನ್ನುವುದು ಇನ್ನೊಬ್ಬರ ಮಾತು. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಬೇರೆ. ಹಲ್ಲು ಕೆಟ್ಟ ಸುದ್ದಿ ಅಲ್ಲಿಯ ಕಂಪ್ಯೂಟರಿನಲ್ಲಿ ಬಿದ್ದರೆ ಮುಂದಿನ ಮೆಡಿಕಲ್ಲಿನಲ್ಲಿ, ಅಂದರೆ ಕಂಪನಿ ಮಾಡಿಸುವ ಆರೋಗ್ಯ ತಪಾಸಣೆಯಲ್ಲಿ ಫೇಲು, ಫೇಲಾದವನಿಗೆ ಗಂಟು ಕಟ್ಟು ಅಂತಾರೆ.

ಇದಕ್ಕೆ ಜೀವಂತ ಸಾಕ್ಷಿ ಇದ್ದ, ಭಾಲ್ಕಿಯ ಅಮೀರ ಪಾಶಾ. ಹಿಂದೆ ಅದೇ ಖೋಲಿಯಲ್ಲಿ ಇದ್ದವ. ದವಡೆ ಹಲ್ಲು ಅಲ್ಲೇ ಕೀಳಿಸಿಕೊಂಡ, ಸ್ವಲ್ಪ ದಿನದಲ್ಲೇ ಮೆಡಿಕಲ್ ಬಂತು, ಕಂಪನಿಯವರು ಅವನನ್ನು ಊರಿಗೆ ಸಾಗಹಾಕಿದರು. ‘ಹಲ್ಲಿನ ಸಲುವಾಗಿ ಕಳಸ್ಲಿಕತ್ತಾರ’ ಅಂತ ಅವನೇ ಹೇಳಿ, ಎಲ್ಲರನ್ನೂ ಅಪ್ಪಿಕೊಂಡು ಅತ್ತು ಹೋಗಿದ್ದ. ಈಗ ಭಾಲ್ಕಿಯಲ್ಲಿ ಚಹಾದ ಹೋಟೆಲು ಇಟ್ಟುಕೊಂಡಿದ್ದಾನೆ. ಅವನು ಹೋದಮೇಲೆ ಖೋಲಿಗೆ ಬಂದ ಹೊಸಬರಿಗೆಲ್ಲ ಮೊದಲು ಅವನ ಕಥೆ ಹೇಳುವುದು, ಆಮೇಲೆ ಮಂಚ ತೋರಿಸುವುದು.

ಆ ಕಥೆ ಹೇಳುವವನು ನರಸಿಂಗ. ಬಿಸ್ಕಿಟಿನ ಹಳೆ ಡಬ್ಬಿಯಲ್ಲಿ ಲವಂಗ, ನೋವಿನ ಗುಳಿಗೆ, ಬಾವಿನ ಗುಳಿಗೆ ಎಲ್ಲ ಔರಾದದಿಂದ ತಂದು ಇಟ್ಟಿದ್ದ. ಯಾರಾದರೂ ಗಲ್ಲ ಹಿಡಿದುಕೊಂಡು ಕೂತರೆ ಎರಡು ಬೈಗುಳ, ಎರಡು ಗುಳಿಗೆ. ಈ ಸಲ ಛುಟ್ಟಿಗೆ ಹೊರಡುವ ಮುಂಚೆ, ಭಾತಂಬ್ರಾದ ಚಾಂದ ಪಾಶಾನ ಕೈಯಲ್ಲಿ ಆ ಡಬ್ಬಿಯನ್ನೇ ಇಟ್ಟು ಬಂದಿದ್ದ. ಚಾಂದನ ಕೆಳಗಿನ ದವಡೆ ಹಲ್ಲು ಆಗಲೇ ಕುಟುಕುತ್ತಿತ್ತು.

“ನಾ ಹೋಗಿ ಬರ್ತೇನಿ, ಆಮ್ಯಾಲ ನೀ ಹೋಗು. ಅಲ್ಲಿತನಕ ಇವು ನುಂಗಿ ತಡಕೋ. ದವಾಖಾನಿ ಕಡಿ ಮಾರಿ ಮಾಡಿದ್ರ ಕಾಲು ಮುರಿತೇನಿ ನೋಡು.”

“ಆಯ್ತು ದಾದಾ” ಅಂದಿದ್ದ ಚಾಂದ. ಒಂದು ಮಾತು ಕೊಟ್ಟನೆಂದರೆ ಅದರ ಮೇಲೆ ಕಲ್ಲಿನಂತೆ ಕೂಡುವ ಮನುಷ್ಯ ಅವನು. ಅದೇ ಮುಳುವಾಯಿತು.

ಆ ಶುಕ್ರವಾರ ನರಸಿಂಗ ಬೀದರದ ಮೈಲೂರಿನಲ್ಲಿ, ಡಾಕ್ಟರ್ ಗಾರ್ಗಿಯ ಕುರ್ಚಿಯಲ್ಲಿ ಅಂಗಾತ ಮಲಗಿದ್ದ. ಅವನ ದವಡೆಯದ್ದೂ ವರ್ಷಗಟ್ಟಲೆಯ ನೋವು. ಜೊತೆಗೆ ಜಿಜಾಬಾಯಿ ಬಂದಿದ್ದಳು, ಗಂಡ ಯಾರ ಮೇಲಾದರೂ ಹರಿಹಾಯ್ದರೆ ಹಿಡಿಯಬೇಕಲ್ಲ ಅಂತ.

“ಕಾಕಾ, ಬಾಯಿ ದೊಡ್ಡದು ತೆರೀರಿ” ಅಂದಳು ಗಾರ್ಗಿ.

“ಅದೊಂದು ಅವರಿಗಿ ಹೇಳೋದು ಬ್ಯಾಡ್ರಿ ಡಾಕ್ಟರಬಾಯಿ, ಹುಟ್ಟಿದಾಗಿಂದ ತೆರದೇ ಅದ” ಅಂದಳು ಜಿಜಾಬಾಯಿ.

ಗಾರ್ಗಿ ನಕ್ಕು, ಬಲಗಡೆ ಸೂಜಿ ಚುಚ್ಚಿ, ತುಟಿ ಜೋಮು ಹಿಡಿಯಲಿ ಅಂತ ಕಾಯುತ್ತ ಹಲ್ಲಿನ ಎಕ್ಸ್‌ರೇ ಫೋಟೋ ತೋರಿಸಿದಳು. ಒಂದು ಹಲ್ಲಿಗೆ ಬೇರಿನ ಕೆಲಸ ಆಗಬೇಕು, ಅದಕ್ಕೆ ನಾಲ್ಕಾರು ಸಲ ಬರಬೇಕಾಗುತ್ತದೆ. ಅದರ ಪಕ್ಕದ್ದು ಉಳಿಯುವುದಿಲ್ಲ, ತೆಗೆಯಬೇಕು. ಆ ಜಾಗದಲ್ಲಿ ಸ್ಕ್ರೂ ಹಾಕಿ ಹೊಸ ಹಲ್ಲು ಕೂಡಿಸಬೇಕೆಂದರೆ ತಿಂಗಳುಗಟ್ಟಲೆ ಬೇಕು.

“ತಿಂಗಳು ಎಲ್ಲಿಂದ ತರ್ಲಿ? ಮುಂದಿನ ವಾರ ನನ್ನ ವಿಮಾನ ಅದ!” ನರಸಿಂಗ ಕುರ್ಚಿಯಲ್ಲೇ ಎದ್ದು ಕೂತ. “ವರ್ಷಾನಗಟ್ಲೆ ನೋವು ತಿಂದು ನಿಮ್ಮ ಹತ್ರ ಅಂತನೇ ಬಂದೇನಿ. ಎಲ್ಲಾ ಇವತ್ತೇ ಮುಗಸ್ರಿ.”

“ಎಲುಬು ನಿಮ್ಮ ಟಿಕೀಟ್ ನೋಡಿ ಕೂಡಂಗಿಲ್ಲ ಕಾಕಾ. ನೋವು ಶುರು ಆದಾಗ ಅಲ್ಲೇ ತೋರಿಸಿದ್ರ ಒಂದು ಸಣ್ಣ ತುಂಬೋದ್ರಾಗ ಮುಗಿತಿತ್ತು. ಅಲ್ಲಿ ಕಂಪನಿ ಕಾರ್ಡು ಕೊಟ್ಟಿಲ್ಲೇನು?”

“ಅದು ಬಾಯಿಗಿ ನಡ್ಯಂಗಿಲ್ಲ.”

“ಕೇಳೀರೇನು ಅಲ್ಲಿ?”

ನರಸಿಂಗ ಕೇಳಿರಲಿಲ್ಲ. ಆ ಖೋಲಿಯಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದರೂ ಕಂಪ್ಯೂಟರಿಗೆ ಗೊತ್ತಾಗುತ್ತದೆ ಅನ್ನುವ ಹೆದರಿಕೆ. ಉತ್ತರ ಇಲ್ಲದಾಗ ಸಿಟ್ಟು ಬರುವುದು ಅವನ ಜಾಯಮಾನ. “ಸೌದಿ ಬಗ್ಗೆ ನಿಮಗೇನು ಗೊತ್ತು, ನೀವು ನೋಡೀರೇನು?” ಅಂತ ಶುರು ಮಾಡಿದ. ಆಗಲೇ ಬಲತುಟಿ ಜೋಮು ಹಿಡಿದಿತ್ತು, ಮಾತು ಅರ್ಧ ಹೊರಗೆ, ಅರ್ಧ ಒಳಗೆ ಜೋತು ಬಿತ್ತು.

ಅಷ್ಟರಲ್ಲಿ ಫೋನು ಬಂತು. ಜುಬೈಲದಿಂದ ಉಮೇರ, ಖೋಲಿಯಲ್ಲಿ ಚಾಂದನ ಪಕ್ಕದ ಮಂಚದವನು, ವೈರಿಂಗ್ ಕೆಲಸದವನು. ವಿಡಿಯೋ ಕಾಲು.

“ಕಾಕಾ, ಚಾಂದಭಾಯ್‌ಗ ನೋಡ್ರಿ ಒಂದೀಟು. ನಿನ್ನಿ ಗಲ್ಲ ಬಾತಿತ್ತು. ಮುಂಜಾನಿಂದ ಹಿಂಗ ಆಗ್ಯಾದ.”

ಫೋನಿನಲ್ಲಿ ಕಂಡ ಮುಖ ಚಾಂದನದು ಅಂತ ನರಸಿಂಗನಿಗೆ ಮೊದಲು ತಿಳಿಯಲೇ ಇಲ್ಲ. ಗಲ್ಲ ಅಲ್ಲ, ಗದ್ದದ ಕೆಳಗೆ ಎರಡೂ ಕಡೆ ಬಾವು ಇಳಿದು ಕುತ್ತಿಗೆ ಅನ್ನುವುದೇ ಇಲ್ಲದಂತೆ ಆಗಿತ್ತು. ಬಾಯಿ ಮುಚ್ಚಲು ಬರುತ್ತಿರಲಿಲ್ಲ. ನಾಲಿಗೆ ಮೇಲಕ್ಕೆ ದಬ್ಬಿಕೊಂಡು ಬಂದಿತ್ತು. ಜೊಲ್ಲು ಅಂಗಿಯ ಮೇಲೆ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಖಬರೂ ಇರಲಿಲ್ಲ.

ಗಾರ್ಗಿ ಹಿಂದಿನಿಂದ ಬಗ್ಗಿ ನೋಡಿದವಳು ಮುಖದ ಮಾಸ್ಕು ಕಿತ್ತು ಫೋನನ್ನೇ ಕಸಿದುಕೊಂಡಳು.

“ಅವರಿಗಿ ಉಗುಳು ನುಂಗ್ಲಿಕ್ಕಿ ಬರ್ತದೇನು?”

“ಇಲ್ರಿ ಮೇಡಂ.”

“ಮಲಗಿದ್ರೇನು ರಾತ್ರಿ?”

“ಮಲಗಿದ್ರ ಉಸಿರು ಹಿಡಿತದ ಅಂತ ಕುಂತೇ ಇದ್ರು.”

“ಕೇಳು ಇಲ್ಲಿ. ಇದು ಹಲ್ಲು ನೋವಲ್ಲ. ಹಲ್ಲಿನ ಕೀವು ಕುತ್ತಿಗಿಗಿ ಇಳದದ. ಉಸಿರಿನ ದಾರಿ ಮುಚ್ಚತದ. ಗುಳಿಗಿ ಕೊಡಬ್ಯಾಡ, ನೀರು ಕುಡಸಬ್ಯಾಡ, ಈಗಿಂದೀಗ ಗಾಡಿ ಕರಸಿ ದೊಡ್ಡ ದವಾಖಾನಿಗಿ ಒಯ್ಯಿ. ಸಂಜಿತನಕ ಕಾಯ್ದ್ರ ಮನುಷ್ಯ ಕೈಗಿ ಸಿಗಂಗಿಲ್ಲ.”

‘ದವಾಖಾನಿ’ ಅನ್ನುವ ಮಾತು ಚಾಂದನ ಕಿವಿಗೆ ಬಿತ್ತು. ಅವನು ಎದ್ದ. ಫೋನಿನ ಚಿತ್ರ ಒಮ್ಮೆ ಛಾವಣಿ, ಒಮ್ಮೆ ನೆಲ, ಒಮ್ಮೆ ಹೊರಗಿನ ಬಿಸಿಲು ತೋರಿಸಿತು. ಆಮೇಲೆ ತಗಡಿನ ಬಾಗಿಲು ಧಡ್ ಅಂತ ಹಾಕಿಕೊಂಡ ಸಪ್ಪಳ.

“ಕಾಕಾ, ನನ್ನನ್ನ ಹೊರಗ ದಬ್ಬಿ ಚಿಲಕ ಹಾಕ್ಕೊಂಡ್ರು!”

“ಒಡಿಯೋ ಬಾಗಿಲಾ!” ನರಸಿಂಗ ಚೀರಿದ. ಜೋಮು ಹಿಡಿದ ತುಟಿಯಿಂದ ಅದು ‘ಒಡಿಯೋ ಬಾಗಿಯಾ’ ಅಂತ ಕೇಳಿಸಿತು.

ಉಮೇರ ಕ್ಯಾಂಪಿನ ಆಫೀಸಿಗೆ ಓಡಿದ. ಶುಕ್ರವಾರ, ಜುಮ್ಮಾದ ಸೂಟಿ, ಸಾಹೇಬ ಇರಲಿಲ್ಲ. ಕಾವಲಿನವ ಬಾಗಿಲು ಒಡೆಯುವ ಹುಕುಂ ನನಗಿಲ್ಲ ಅಂದ. ಅಂಬುಲೆನ್ಸ್ ಗಾಡಿಗೆ ಫೋನು ಮಾಡು ಅಂತ ನರಸಿಂಗ ಅಂದರೆ ಉಮೇರ ತೊದಲಿದ, “ಕಾಕಾ, ನನ್ನದೂ ಮೆಡಿಕಲ್ ಇದೇ ತಿಂಗಳು ಅದ... ನನ್ನ ಹೆಸರೂ ಬರಕೊಂಡ್ರ?” ಅಂತ. ಗಾರ್ಗಿ ಹಣೆ ಬಡಿದುಕೊಂಡಳು. ಹಲ್ಲಿಗೂ ಆ ಮೆಡಿಕಲ್ಲಿಗೂ ಸಂಬಂಧ ಇಲ್ಲ ಅಂತ ಅವಳು ಹೇಳಿದ್ದು ಸೌದಿಯ ಆ ಬಿಸಿಲಿನಲ್ಲಿ ಯಾರಿಗೂ ಹತ್ತಲಿಲ್ಲ. ಬೀದರದ ಡಾಕ್ಟರಬಾಯಿಗೆ ಏನು ಗೊತ್ತು? ಸ್ವಲ್ಪ ಹೊತ್ತಿನ ಹಿಂದೆ ನರಸಿಂಗನೂ ಅದನ್ನೇ ಅಂದಿದ್ದ.

ಉಮೇರ ಫೋನನ್ನು ಬಾಗಿಲಿಗೆ ಹಿಡಿದ. ಒಳಗಿನಿಂದ ಚಾಂದನ ದನಿ ಬಂತು. ಬಾಯಿ ತುಂಬ ಬಿಸಿ ಮುದ್ದೆ ಇಟ್ಟುಕೊಂಡವನ ಮಾತಿನಂತೆ ದಪ್ಪ ದಪ್ಪ.

“ದಾದಾ... ನೀವೇ ಬ್ಯಾಡ ಅಂದ್ರಿ. ಈಗ ಊರಾಗ ಕುಂತು ಹೋಗು ಅಂತೀರಿ. ಸೋಮವಾರ ಮೆಡಿಕಲ್ ಅದ. ನನಗ ಅಮೀರಭಾಯ್ ಗತಿ ಬ್ಯಾಡ.”

“ಅವನ ಗತಿ ಬ್ಯಾಡ ಅಂತ ಸಾಯ್ತೀಯೇನಲೇ, ಹುಚ್ಚ್ಯಾ?”

“ಅಮೀರಭಾಯ್ ಹೋಗು ಅನ್ಲಿ. ಅವನ ಬಾಯಿಂದ ಕೇಳಿದ್ರ ತೆಗಿತೇನಿ.”

ಅಷ್ಟೇ.

ನರಸಿಂಗ ಅಮೀರ ಪಾಶಾನಿಗೆ ಫೋನು ಹಚ್ಚಿದ. ಬಂದ್. ಮತ್ತೆ ಹಚ್ಚಿದ, ಬಂದ್. “ಇವತ್ತು ಅವರ ಮಗಳು ಜಾಹೇದಾನ ಮಂಗ್ನಿ ಅದ. ನಮಗೂ ಹೇಳಿದ್ರಲ್ಲ, ಹಲ್ಲಿನ ಸಲುವಾಗಿ ನೀವೇ ಬ್ಯಾಡ ಅಂದ್ರಿ” ಅಂದಳು ಜಿಜಾಬಾಯಿ. ಉಂಗುರ ಹಾಕುವ ಗದ್ದಲದಲ್ಲಿ ಫೋನಿನ ಚಾರ್ಜು ಯಾರು ನೋಡುತ್ತಾರೆ?

ನರಸಿಂಗ ಕೊರಳಿಗೆ ಕಟ್ಟಿದ್ದ ಕಾಗದದ ಅರಿವೆ ಹರಿದು ಒಗೆದ. “ನಡಿ, ಭಾಲ್ಕಿಗಿ.”

“ಕಾಕಾ, ಜೋಮು ಇಳಿಯೋತನಕ ತುಟಿ ಕಚಕೋಬ್ಯಾಡ್ರಿ!” ಗಾರ್ಗಿ ಹಿಂದಿನಿಂದ ಕೂಗಿದಳು. “ಅವರಿಗಿ ಕೂತಂಗೇ ಕೂಡಸ್ರಿ ಅನ್ರಿ, ಅಂಗಾತ ಮಲಗಸಬಾರ್ದು!”

ನೌಬಾದ ದಾಟುವವರೆಗೆ ಜಿಜಾಬಾಯಿ ಮೋಟರ್ ಸೈಕಲ್ಲಿನ ಮೇಲೆ ಗಂಡನ ಸೊಂಟ ಹಿಡಿದು ಸುಮ್ಮನೆ ಕೂತಿದ್ದಳು. ಭಾಲ್ಕಿ ದಾರಿಗೆ ಹತ್ತಿದ ಮೇಲೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಒಂದರ ಹಿಂದೆ ಎರಡೆರಡು ಟ್ರಾಲಿ, ಹಾಡು ಹಚ್ಚಿಕೊಂಡು ದಾರಿ ತುಂಬ ಹೊರಟಿದ್ದವು. ನರಸಿಂಗ ಹಾರ್ನು ಒತ್ತಿದ, ಬೈದ, ಮಣ್ಣಿಗೆ ಇಳಿಸಿ ಮುಂದೆ ನುಗ್ಗಿದ. ಒಂದು ಕಡೆ ಟ್ರಾಲಿಯಿಂದ ಜಾರಿದ ಕಬ್ಬಿನ ಮೇಲೆ ಗಾಡಿ ಹಾಯ್ದು ಇಬ್ಬರೂ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

“ಒಬ್ಬರಿಗಿ ಉಳಸ್ಲಿಕ್ಕಿ ಹೋಗಿ ಇಬ್ಬರಿಗಿ ಕೊಲ್ತೀರೇನು?”

“ಸುಮ್ಮ ಕುಂದ್ರು.”

“ಸುಮ್ಮ ಕುಂತು ಕುಂತೇ ಹಿಂಗ ಆಗ್ಯಾದ. ಆ ಗುಳಿಗಿ ಡಬ್ಬಿ ನೀವು ಯಾಕ ಕೊಟ್ಟು ಬಂದ್ರಿ? ನೀವೇನು ಡಾಕ್ಟರಾ?”

ಆ ಮಾತಿಗೆ ನರಸಿಂಗನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಂಗಿಯ ಕಿಸೆಯಲ್ಲಿ ಫೋನು ಇತ್ತು, ಅದು ಬಡಿದುಕೊಂಡರೆ ಯಾವ ಸುದ್ದಿಯೋ ಅನ್ನುವ ಹೆದರಿಕೆಯಲ್ಲಿ ಎದೆಯೆಲ್ಲ ಅದರ ಕಡೆಗೇ ಇತ್ತು. ಅಮೀರನಿಗೆ ಏನು ಹೇಳಬೇಕು ಅನ್ನುವುದನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದ. ಸುಳ್ಳು ಹೇಳು ಅನ್ನಬೇಕು. ಈಗ ಕಾನೂನು ಬದಲಾಗಿದೆ, ಹಲ್ಲಿಗೆ ಕಳಿಸುವುದಿಲ್ಲ ಅಂತ ಒಂದು ಸುಳ್ಳು. ಜೀವ ಉಳಿದ ಮೇಲೆ ನೌಕರಿ ಹೋದರೆ ಹೋಗಲಿ, ಚಾಂದ ನನಗೆ ಬೈಯಲಿ.

ಭಾಲ್ಕಿಯಲ್ಲಿ ಅಮೀರನ ಮನೆಯ ಮುಂದೆ ಶಾಮಿಯಾನ. ಬಸವಕಲ್ಯಾಣದ ಬೀಗರು ನಮಾಜು ಮುಗಿಸಿ ಬಂದು ಗಾದಿಯ ಮೇಲೆ ಕೂತಿದ್ದರು. ಬಿರಿಯಾನಿಯ ಹಂಡೆಯ ಬಾಯಿಗೆ ಇನ್ನೂ ಕಣಕ ಮೆತ್ತಿಯೇ ಇತ್ತು. ಆ ನಡುವೆ ಮೈತುಂಬ ಧೂಳು ಹೊತ್ತ ಒಬ್ಬ ಮನುಷ್ಯ, ಬಲತುಟಿ ಜೋತು ಬಿದ್ದು ಜೊಲ್ಲು ಸುರಿಯುತ್ತ, “ಅಮೀಯಾ! ಏ ಅಮೀಯಾ!” ಅಂತ ಚೀರುತ್ತ ನುಗ್ಗಿದರೆ ಯಾರಾದರೂ ಏನು ತಿಳಿಯಬೇಕು?

“ಕುಡದಾನ ಮಗ” ಅಂತ ಯಾರೋ ಎದ್ದರು. “ಹೊರಗ ಹಾಕ್ರಿ ಇವನಿಗಿ!” ಇಬ್ಬರು ಬಂದು ತೋಳು ಹಿಡಿದರು. ನರಸಿಂಗ ಒಬ್ಬನನ್ನು ನೂಕಿದ. ಅವನು ಬೀಗರ ಚಪ್ಪಲಿಗಳ ಮೇಲೆ ಹೋಗಿ ಬಿದ್ದ. ಇನ್ನೇನು ಹೊಡೆದಾಟ ಆಗುವುದೇ.

ಜಿಜಾಬಾಯಿ ನಡುವೆ ಬಂದು ನಿಂತಳು. “ಕೈ ತಗೀರಿ! ನಮ್ಮ ಮನ್ಯಾವ್ರು ಜಲ್ಮದಾಗ ಕುಡದಿಲ್ಲ. ಹಲ್ಲಿಗಿ ಸೂಜಿ ಮಾಡ್ಯಾರ, ತುಟಿ ಸತ್ತದ. ಬೇಕಂದ್ರ ಮೂಸಿ ನೋಡ್ರಿ!”

ಹಾಗೆ ಮೂಸಿ ನೋಡಲು ಯಾರೂ ಮುಂದೆ ಬರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಮೀರ ಪಾಶಾ ಬಂದ. ಬಿಳಿ ಪೈಜಾಮ, ಅತ್ತರು, ಕಣ್ಣಿಗೆ ಸುರ್ಮಾ. ನರಸಿಂಗನನ್ನು ನೋಡಿ ಗಾಬರಿಯಾಗಿ, ಬೀಗರಿಗೆ ಕೈ ಮುಗಿದು, ಅವನನ್ನು ಮನೆಯ ಪಕ್ಕದ ನೀರಿನ ಟಾಕಿಯ ಹತ್ತಿರ ಎಳೆದುಕೊಂಡು ಹೋದ.

ನರಸಿಂಗ ಎಲ್ಲ ಹೇಳಿದ. “ಒಂದು ಸುಳ್ಳು ಹೇಳು, ಹಲ್ಲಿಗಿ ಈಗ ಕಳಸಂಗಿಲ್ಲ ಅನ್ನು, ಬಾಗಿಲು ತೆಗಸು.”

ಅಮೀರನ ಮುಖದ ಬಣ್ಣ ಇಳಿಯಿತು. ಟಾಕಿಗೆ ಕೈ ಊರಿ ನಿಂತ.

“ಸುಳ್ಳು ಏನದ ಅದರಾಗ” ಅಂದ ಮೆಲ್ಲಗೆ. “ಹಲ್ಲಿಗಿ ನನ್ನ ಕಳಿಸೇ ಇಲ್ಲ ನರಸಿಂಗಣ್ಣಾ.”

“ಏನಂದಿ?”

“ಎದಿ ಫೋಟೋದಾಗ ಕಲೆ ಬಂದಿತ್ತು. ಟಿಬಿ. ಅದಕ್ಕ ಕಳಿಸಿದ್ರು. ಹಲ್ಲು ಕಿತ್ತಿದ್ದು ಕಾರ್ಡಿನ ಮ್ಯಾಲೇ, ಒಂದು ಮಾತು ಯಾರೂ ಕೇಳ್ಲಿಲ್ಲ ನನಗ. ಬಾಯಾಗ ಹಲ್ಲು ಇರ್ಲಿಲ್ಲ, ಅದೇ ನೆಪ ಆಯ್ತು. ಊರಾಗ ಟಿಬಿ ಅಂತ ಹೇಳಿ ಚಹಾದ ಹೋಟೆಲ್ ಹಾಕ್ಲೇನು? ಯಾರ ಕುಡಿತಾರ ನನ್ನ ಕೈಯಾನ ಚಹಾ? ಮಗಳಿಗಿ ಯಾರ ಕೇಳ್ತಾರ?”

ನರಸಿಂಗನ ಕೈ ಅವನಿಗೇ ತಿಳಿಯದಂತೆ ಅಮೀರನ ಕೊರಳಪಟ್ಟಿ ಹಿಡಿದಿತ್ತು. ಬಿಳಿ ಅಂಗಿಯ ಗುಂಡಿ ಕಿತ್ತು ನೀರಿನ ಕೆಸರಿಗೆ ಬಿತ್ತು. ಎಷ್ಟು ಜನ ಆ ಖೋಲಿಯಲ್ಲಿ ಗಲ್ಲ ಹಿಡಿದುಕೊಂಡು ಕೂತರು, ಎಷ್ಟು ಜನರಿಗೆ ತಾನೇ ಗದರಿಸಿ ಗುಳಿಗೆ ನುಂಗಿಸಿದ, ತನ್ನ ಬಾಯಿಯಲ್ಲೇ ಒಂದು ಹಲ್ಲು ಹೋಯಿತು. ಎಲ್ಲಾ ಈ ಒಂದು ನೆಪದ ಸಲುವಾಗಿ!

ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಕೊರಳಪಟ್ಟಿ ಬಿಟ್ಟು ಫೋನು ಎತ್ತಿದ.

“ಕಾಕಾ, ಈಗ ಮಾತೇ ಇಲ್ರಿ” ಉಮೇರ ಅಳುತ್ತಿದ್ದ. “ನಾ ಬಾಗಿಲು ಬಡದ್ರ ಅಕಡಿಂದ ಒಂದು ಬಡಿತಾರ, ಅಷ್ಟೇ. ಉಸಿರು ಗರಗರ ಅಂತದ, ಹೊರಗೇ ಕೇಳಸ್ತದ.”

ನರಸಿಂಗ ಸ್ಪೀಕರು ಹಾಕಿ ಫೋನನ್ನು ಅಮೀರನ ಮುಖದ ಮುಂದೆ ಹಿಡಿದ.

“ಚಾಂದ” ಅಂದ ಅಮೀರ. “ನಾ ಅಮೀರ. ಹೋಗೋ ದವಾಖಾನಿಗಿ. ಏನೂ ಆಗಂಗಿಲ್ಲ. ಹಲ್ಲಿಗಿ ಯಾರೂ ಕಳಸಂಗಿಲ್ಲ.”

ಆಮೇಲೆ ಉಮೇರ ಹೇಳಿದ, “ನನ್ನ ಫೋನಿಗಿ ಬರದು ಕಳಿಸ್ಯಾರ. ‘ಹಂಗಾದ್ರ ನಿನಗ ಯಾಕ ಕಳಿಸಿದ್ರು’ ಅಂತ.”

ಅಮೀರ ಸುತ್ತ ನೋಡಿದ. ಟಾಕಿಯ ಆಚೆಗೆ ಶಾಮಿಯಾನ. ಗದ್ದಲ ಕೇಳಿದ ಬೀಗರು ಎದ್ದು ಬಂದು ಸಾಲಾಗಿ ನಿಂತಿದ್ದರು. ಎಲ್ಲರ ಮುಂದೆ ಹುಡುಗನ ಅಪ್ಪ, ಕೆಂಪು ಗಡ್ಡದ ಎತ್ತರದ ಮನುಷ್ಯ. ಕಿಟಕಿಯ ಹತ್ತಿರ ಹೆಂಗಸರು. ಅಮೀರ ಫೋನಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ.

“ಕೇಳಸ್ತಿಲ್ಲ ಚಾಚಾ!” ಉಮೇರ ಕೂಗಿದ. “ಎಸಿ ಮಷೀನು ಇಲ್ಲೇ ಬಾಗಿಲ ಬಾಜೂಕ ಅದ. ನನಗೇ ಕೇಳಸ್ತಿಲ್ಲ, ಒಳಗ ಅವರಿಗಿ ಹ್ಯಾಂಗ ಕೇಳಸ್ತದ? ಜೋರ್ ಹೇಳ್ರಿ!”

ಅಮೀರ ಫೋನಿನಿಂದ ಮುಖ ತಿರುಗಿಸಿದ. “ಮಂದಿ ಹೋಗ್ಲಿ” ಅಂದ ನರಸಿಂಗನಿಗೆ, ಕಣ್ಣಲ್ಲಿ ನೀರು ತಂದುಕೊಂಡು. “ಇಷ್ಟೊತ್ತು ತಡದಾನ, ಇನ್ನ ಸ್ವಲ್ಪ... ಉಂಗುರ ಒಂದು ಆಗ್ಲಿ.”

ನರಸಿಂಗ ಏನು ಅನ್ನಬೇಕು? ಒಂದು ಕಡೆ ಒಬ್ಬನ ಉಸಿರು, ಒಂದು ಕಡೆ ಒಬ್ಬಳ ಬಾಳು. ತಕ್ಕಡಿ ಹಿಡಿಯುವ ಕೆಲಸ ಅವನಿಗೆ ಯಾರೂ ಕಲಿಸಿರಲಿಲ್ಲ. ಹಿಡಿದ ಫೋನನ್ನು ಮಾತ್ರ ಕೆಳಗೆ ಇಳಿಸಲಿಲ್ಲ. ಆ ಕಡೆಯಿಂದ ಎಸಿ ಮಷೀನಿನ ಗುಂಯ್ ಅನ್ನುವ ಸಪ್ಪಳ ಬರುತ್ತಲೇ ಇತ್ತು.

ಕಿಟಕಿಯ ಪರದೆ ಸರಿಯಿತು. ಮೆಹಂದಿಯ ಕೈ ಸರಳು ಹಿಡಿದಿತ್ತು. ಜಾಹೇದಾ.

“ಅಬ್ಬಾ” ಅಂದಳು. “ಒದರ್ರಿ.”

“ಬೇಟಾ, ಮಂದಿ...”

“ಒದರ್ರಿ ಅಬ್ಬಾ. ಚಾಂದ ಚಾಚಾ ಸತ್ರ ಆ ಉಂಗುರ ನನ್ನ ಕೈಯಾಗ ನಿಲ್ತದೇನು?”

ಅಮೀರ ಪಾಶಾ ಕಣ್ಣು ಮುಚ್ಚಿಕೊಂಡ. ಹೋಟೆಲಿನಲ್ಲಿ ದೂರದ ಗಿರಾಕಿಯನ್ನು ಕರೆಯುವ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ಒದರಿದ.

“ನನಗ ಟಿಬಿ ಆಗಿತ್ತೋ ಚಾಂದ! ಎದಿ ಫೋಟೋದಾಗ ಬಂತು, ಅದಕ್ಕ ಕಳಿಸಿದ್ರು! ಹಲ್ಲಿಗಲ್ಲ! ನಾಚಿಕಿಗಿ ಹಲ್ಲು ಅಂತ ಸುಳ್ಳ್ ಹೇಳಿದ್ನೋ! ಕುರಾನ್ ಮ್ಯಾಲ ಆಣಿ ಮಾಡಿ ಹೇಳ್ತೇನಿ, ಹಲ್ಲಿಗಿ ಏನೂ ಮಾಡಂಗಿಲ್ಲ! ಬಾಗಿಲು ತೆಗಿ! ಸುಳ್ಳ್ ನಂದು, ನೀ ಯಾಕ ಸಾಯ್ತಿ, ತೆಗಿಯೋ!”

ಫೋನಿನಲ್ಲಿ ಮಷೀನಿನ ಗುಂಯ್ ಮಾತ್ರ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸಪ್ಪಳ. ಉಮೇರನ ಕೂಗು, “ತೆಗದ್ರು! ಕಾಕಾ, ತೆಗದ್ರು, ಇಕಾಮಾ ಕೈಯಾಗೇ ಹಿಡಕೊಂಡಾರ!” ಇಕಾಮಾ ಅಂದರೆ ಅಲ್ಲಿ ಇರಲು ಕೊಡುವ ಗುರುತಿನ ಚೀಟಿ, ಅದಿಲ್ಲದೆ ದವಾಖಾನೆಯ ಬಾಗಿಲು ದಾಟುವಂತಿಲ್ಲ.

“ಕೂಡಸೇ ಒಯ್ಯಿ! ಅಂಗಾತ ಮಲಗಸಬ್ಯಾಡ!” ನರಸಿಂಗ ಒದರಿದ. “ಗಾಡಿಗಿ ಫೋನ್ ಹಚ್ಚು, ನಿನ್ನ ಹೆಸರೇ ಬರಸು, ಏನೂ ಆಗಂಗಿಲ್ಲ!” ಫೋನು ಕಟ್ಟಾಯಿತು.

ಇನ್ನು ಕಾಯುವುದು. ಕಾಯುವುದು ನರಸಿಂಗನಿಗೆ ಬಾರದ ವಿದ್ಯೆ. ಅಟ್ಟದ ಮೇಲೆ ಹತ್ತು ಆಳು ಎತ್ತರದಲ್ಲಿ ನಡೆದಾಡಿದವನಿಗೆ ಈಗ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಟಾಕಿಯ ಸುತ್ತ ತಿರುಗಿದ. ತುಟಿಗೆ ಜೀವ ಬರುತ್ತ ಹಲ್ಲು ಕುಟುಕಲು ಶುರುವಾಯಿತು. ಆ ನೋವು ಬಂದದ್ದು ಒಳ್ಳೆಯದೇ ಅನ್ನಿಸಿತು ಅವನಿಗೆ.

ಬೀಗರು ಗಾದಿಗೆ ತಿರುಗಿ ಹೋಗಿ ಗುಸುಗುಸು ಅನ್ನುತ್ತಿದ್ದರು. ಕೆಂಪು ಗಡ್ಡದವರು ಅಮೀರನ ಎದುರಿಗೆ ಬಂದು ನಿಂತರು.

“ಈಗ ಹ್ಯಾಂಗದ?”

“ಗುಳಿಗಿ ಪೂರಾ ಕೋರ್ಸ್ ಮುಗಿಸೇನ್ರಿ. ಸರ್ಕಾರಿ ದವಾಖಾನಿಯವರು ಪೂರಾ ಆರಾಮ ಆಗ್ಯಾದ ಅಂದಾರ.”

“ನಮಗ ಮೊದಲೇ ಹೇಳಬೇಕಿತ್ತು.”

“ಹೇಳಬೇಕಿತ್ರಿ.”

ಅವರು ಎದ್ದು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಟಾಕಿಯ ಹತ್ತಿರವೇ ಕೂತರು. ಹಂಡೆಯ ಬಾಯಿ ತೆಗೆಯಲೇ ಇಲ್ಲ ಯಾರೂ. ಅಡುಗೆಯವ ಎರಡು ಸಲ ಬಂದು ನೋಡಿ ಹೋದ. ಬಿಸಿಲು ಶಾಮಿಯಾನದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯಿತು. ಜಿಜಾಬಾಯಿ ಒಳಗೆ ಜಾಹೇದಾಳ ಪಕ್ಕ ಕೂತಿದ್ದಳು.

ಫೋನು ಬಂದಾಗ ನರಸಿಂಗ ಎತ್ತಲಿಲ್ಲ. ಎತ್ತಲು ಧೈರ್ಯ ಆಗಲಿಲ್ಲ. ಕೆಂಪು ಗಡ್ಡದವರೇ ಅವನ ಕೈಯಿಂದ ತಗೊಂಡು ಒತ್ತಿದರು.

“ಉಸಿರು ಅದ ಏನು?”

“ಅದ! ಅದ ಚಾಚಾ!” ಯಾರು ಕೇಳುತ್ತಿದ್ದಾರೆ ಅಂತಲೂ ಉಮೇರನಿಗೆ ಗೊತ್ತಿರಲಿಲ್ಲ. “ಕುತ್ತಿಗಿ ಕೊಯ್ದು ಕೀವು ತೆಗದಾರ, ಗಂಟಲದಾಗ ನಳಿಗಿ ಹಾಕ್ಯಾರ. ಇನ್ನೊಂದು ತಾಸು ತಡ ಆಗಿದ್ರ ಕೈ ಮೀರ್ತಿತ್ತು ಅಂದ್ರು. ಈಗ ಮಲಗಿಸ್ಯಾರ. ಕಾರ್ಡು ತೊಗೊಂಡ್ರು, ಏನೂ ಕೇಳ್ಲಿಲ್ಲ.”

ಅಮೀರ ನೆಲಕ್ಕೆ ಕುಸಿದು ಕೂತ. ನರಸಿಂಗ ಅವನ ಪಕ್ಕ ಕೂತ, ಕೆಸರಿನಲ್ಲೇ.

ಕೆಂಪು ಗಡ್ಡದವರು ಫೋನು ತಿರುಗಿ ಕೊಟ್ಟು ಎದ್ದರು. “ಮಂಗ್ನಿ ಮಾತು ಇವತ್ತು ಆಗಂಗಿಲ್ಲ. ಮನ್ಯಾಗ ಕೇಳಬೇಕು” ಅಂದರು. ಆಮೇಲೆ ಅಡುಗೆಯವನ ಕಡೆಗೆ ತಿರುಗಿ, “ಹಂಡೆ ತೆಗಿಯಪ್ಪಾ. ಮಂದಿ ಹಸದಾರ” ಅಂದರು.

ಉಂಗುರ ಬಿದ್ದದ್ದು ಅದರ ಮುಂದಿನ ಗುರುವಾರ. ಅದಕ್ಕೆ ಮೊದಲು ಹುಡುಗನ ಅಜ್ಜಿ ಒಬ್ಬಳೇ ಬಸವಕಲ್ಯಾಣದಿಂದ ಬಸ್ಸಿಗೆ ಬಂದು, ಅಮೀರನ ಹೋಟೆಲಿನಲ್ಲಿ ಕೂತು, ಅವನ ಕೈಯಿಂದಲೇ ಚಹಾ ಮಾಡಿಸಿಕೊಂಡು ಕುಡಿದು, ಸಕ್ಕರಿ ಹೆಚ್ಚಾಗ್ಯಾದ ಅಂತ ಹೇಳಿ ಹೋಗಿದ್ದಳು.

ಚಾಂದನ ಮೆಡಿಕಲ್ಲು ತಡವಾಗಿ ಆಯಿತು. ಅಲ್ಲಿಯ ಡಾಕ್ಟರು ಕುತ್ತಿಗೆಯ ಹೊಲಿಗೆ ನೋಡಿ ಇದೇನು ಅಂತ ಕೇಳಿದ. ಹಲ್ಲು ಅಂದ ಚಾಂದ. ಮುಂದಿನವ ಬಾ ಅಂದ ಡಾಕ್ಟರು. ಪಾಸು.

ನರಸಿಂಗ ಜುಬೈಲಕ್ಕೆ ತಿರುಗಿ ಹೋದವನು ಮಾಡಿದ ಮೊದಲ ಕೆಲಸ, ಗಲ್ಲ ಊದಿದ ಇಬ್ಬರನ್ನು ಕುತ್ತಿಗೆ ಹಿಡಿದು ದವಾಖಾನೆಗೆ ಎಳೆದುಕೊಂಡು ಹೋದದ್ದು. ಆಮೇಲೆ ತನ್ನ ಪಾಳಿ. ಕೌಂಟರಿನಲ್ಲಿ ಕಾರ್ಡು ಒಗೆದು, “ಬಾಯಿಗಿ ನಡಿತದೋ ಇಲ್ಲೋ, ಖರೇ ಹೇಳು” ಅಂತ ಗರ್ಜಿಸಿದ. ಕೀಳುವುದಕ್ಕೆ, ತುಂಬುವುದಕ್ಕೆ, ಬೇರಿನ ಕೆಲಸಕ್ಕೆ ನಡೆಯುತ್ತದೆ, ಒಂದು ಮಿತಿಯವರೆಗೆ. ಹಲ್ಲಿನ ಮೇಲೆ ಕೂಡಿಸುವ ಟೋಪಿಗೆ, ಸ್ಕ್ರೂ ಹಲ್ಲಿಗೆ ನಡೆಯುವುದಿಲ್ಲ, ಅದು ನಿನ್ನದೇ ಕಿಸೆ ಅಂದ ಕೌಂಟರಿನವ. ಬೇರೆ ಕಂಪನಿಯ ಕಾರ್ಡಿನ ಲೆಕ್ಕ ಬೇರೆ ಇರುತ್ತದೆ, ಕೇಳಿಯೇ ಬರಬೇಕು ಅಂತಲೂ ಅಂದ. ಟೋಪಿಗೆ ಯಾಕ ನಡ್ಯಂಗಿಲ್ಲ ಅಂತ ನರಸಿಂಗ ಅಲ್ಲೇ ಜಗಳ ತೆಗೆದ. ಹಿಂದಿನ ಸಾಲಿನವರು ನಕ್ಕರು, ಅವರ ಮೇಲೂ ಹರಿಹಾಯ್ದ.

ಒಳಗಿದ್ದವಳು ಕೇರಳದ ಡಾಕ್ಟರಬಾಯಿ. ಬೀದರದಿಂದ ತಂದ ಫೋಟೋ ನೋಡಿ, ಗಾರ್ಗಿ ಹೇಳಿದ್ದನ್ನೇ ಹೇಳಿ, ಬೇರಿನ ಕೆಲಸ ಶುರು ಮಾಡಿದಳು. ಮುಂದಿನ ಮಂಗಳವಾರ ಡ್ಯೂಟಿ ಬಿಟ್ಟ ಮೇಲೆ ಬಾ ಅಂದಳು. ಅವನು ಗೊಣಗುತ್ತ ಮಂಗಳವಾರ ಹೋದ, ಅದರ ಮುಂದಿನ ಮಂಗಳವಾರವೂ ಹೋದ.